ಡಿಎಲ್‌ಎಲ್ ಒಳಗಿನ ಚಿತ್ರ ಕಾಣುತ್ತಿಲ್ಲವೇ?

ಲೋಗೊ, ಐಕಾನ್‌ಗಳನ್ನೆಲ್ಲ ಒಂದು ಡಾಟ್‌ನೆಟ್ ಲೈಬ್ರರಿಗೆ ತುಂಬಿ ನಾಲ್ಕಾರು ಆ್ಯಪ್‌ಗಳಿಗೆ ಹಂಚುವುದು ಒಳ್ಳೆಯ ರೂಢಿ. ಬಿಲ್ಡ್ ಸಲೀಸಾಗಿ ಮುಗಿಯುತ್ತದೆ, ರನ್ ಮಾಡಿದರೆ ಚಿತ್ರದ ಜಾಗ ಖಾಲಿ! ಕೋಡ್ ಕೆದಕುವ ಮೊದಲು ಇಷ್ಟು ನೋಡಿ.

1. ಡಿಎಲ್‌ಎಲ್ಲನ್ನೇ ಕೇಳಿ. ಗೆಟ್‌ಮ್ಯಾನಿಫೆಸ್ಟ್‌ರಿಸೋರ್ಸ್‌ನೇಮ್ಸ್ ಕರೆದು, ಬಂದ ಹೆಸರುಗಳನ್ನು ಪ್ರಿಂಟ್ ಮಾಡಿ. ಊಹೆಗೆ ಕೂರುವವರೇ ಹೆಚ್ಚು. ಉತ್ತರ ಇರುವುದು ಈ ಪಟ್ಟಿಯಲ್ಲಿ.

2. ಪಟ್ಟಿಯಲ್ಲಿ ಚಿತ್ರವೇ ಇಲ್ಲವೇ? ಬಿಲ್ಡ್ ಆ್ಯಕ್ಷನ್ 'ಎಂಬೆಡೆಡ್ ರಿಸೋರ್ಸ್' ಆಗಿರಬೇಕು. 'ಕಂಟೆಂಟ್' ಎಂದಿದ್ದರೆ ಫೈಲು ಹೊರಗೇ ಉಳಿದಿರುತ್ತದೆ. ಡಬ್ಲ್ಯುಪಿಎಫ್‌ನ 'ರಿಸೋರ್ಸ್' ಬೇರೆಯೇ ಜಾತಿ, ಅದನ್ನು ಪ್ಯಾಕ್ ಯುಆರ್‌ಐ ಮೂಲಕವೇ ಕರೆಯಬೇಕು.

3. ಹೆಸರು ಅಕ್ಷರಕ್ಕೆ ಅಕ್ಷರ ಹೊಂದಲಿ. ಮೊದಲು ಡೀಫಾಲ್ಟ್ ನೇಮ್‌ಸ್ಪೇಸ್, ಆಮೇಲೆ ಫೋಲ್ಡರ್, ಕೊನೆಗೆ ಫೈಲ್. ನಡುವೆ ಸ್ಲ್ಯಾಶ್ ಅಲ್ಲ, ಚುಕ್ಕಿ. ಕ್ಯಾಪಿಟಲ್ ಅಕ್ಷರ, ಸಣ್ಣಕ್ಷರ ಅದಲುಬದಲಾದರೂ ಸಿಗದು. ಫೋಲ್ಡರ್ ಹೆಸರಿನ ಹೈಫನ್ ಅಂಡರ್‌ಸ್ಕೋರ್ ಆಗುತ್ತದೆ, ಫೈಲ್ ಹೆಸರಿನದು ಹಾಗೆಯೇ ಉಳಿಯುತ್ತದೆ. ಹೆಸರು ತಪ್ಪಿದರೆ ಗೆಟ್‌ಮ್ಯಾನಿಫೆಸ್ಟ್‌ರಿಸೋರ್ಸ್‌ಸ್ಟ್ರೀಮ್ ಎರರ್ ಕೊಡುವುದಿಲ್ಲ, ತೆಪ್ಪಗೆ ನಲ್ ಕೊಡುತ್ತದೆ. ಪ್ರೋಗ್ರಾಂ ಬೀಳುವುದು ಮುಂದಿನ ಯಾವುದೋ ಸಾಲಿನಲ್ಲಿ. ಹಾಗಾಗಿ ನಲ್ ಬಂತೇ ಎಂದು ಅಲ್ಲೇ ಪರೀಕ್ಷಿಸಿ.

4. ಕನ್ನಡ ಆವೃತ್ತಿ ಮಾಡುವವರು ಇದನ್ನು ಗಮನಿಸಿ. 'ಲೋಗೊ.ಕೆಎನ್.ಪಿಎನ್‌ಜಿ' ಎಂಬಂತೆ ಇಂಗ್ಲಿಷಿನಲ್ಲಿ ಹೆಸರಿಟ್ಟಿರಿ ಎನ್ನಿ. ನಡುವಿನ 'ಕೆಎನ್' ಕನ್ನಡದ ಭಾಷಾ ಸಂಕೇತವೆಂದು ಎಂಎಸ್‌ಬಿಲ್ಡ್ ತಿಳಿದು, ಚಿತ್ರವನ್ನು 'ಕೆಎನ್' ಫೋಲ್ಡರಿನ ಸ್ಯಾಟಲೈಟ್ ಡಿಎಲ್‌ಎಲ್‌ಗೆ ಸಾಗಿಸುತ್ತದೆ. ಮುಖ್ಯ ಡಿಎಲ್‌ಎಲ್‌ನಲ್ಲಿ ಎಷ್ಟು ಹುಡುಕಿದರೂ ಸಿಗದು. ಮೊದಲ ಚುಕ್ಕಿಯ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿ. ಹೆಸರು ಬದಲಿಸಲಾಗದಿದ್ದರೆ ಪ್ರಾಜೆಕ್ಟ್ ಫೈಲಿನಲ್ಲಿ ಆ ಚಿತ್ರಕ್ಕೆ 'ವಿತ್‌ಕಲ್ಚರ್' ಫಾಲ್ಸ್ ಎಂದು ಬರೆಯಿರಿ.

5. ಯಾವ ಅಸೆಂಬ್ಲಿಯಲ್ಲಿ ಹುಡುಕುತ್ತಿದ್ದೀರಿ? ಗೆಟ್‌ಎಂಟ್ರಿಅಸೆಂಬ್ಲಿ ಕೊಡುವುದು ಮುಖ್ಯ ಆ್ಯಪ್ಪನ್ನು, ಲೈಬ್ರರಿಯನ್ನಲ್ಲ. ಲೈಬ್ರರಿಯೊಳಗಿನ ಒಂದು ಕ್ಲಾಸ್ ಹಿಡಿದು, ಟೈಪ್‌ಆಫ್ ಮೂಲಕ ಅದರ ಅಸೆಂಬ್ಲಿ ಪಡೆಯುವುದೇ ಭದ್ರ.

6. ಸ್ಟ್ರೀಮ್ ಮುಚ್ಚಲು ಅವಸರ ಬೇಡ. ಸಿಸ್ಟಂ.ಡ್ರಾಯಿಂಗ್‌ನ ಬಿಟ್‌ಮ್ಯಾಪ್ ಬಳಕೆಯಲ್ಲಿರುವವರೆಗೂ ಅದರ ಸ್ಟ್ರೀಮ್ ತೆರೆದೇ ಇರಬೇಕು. ಡಬ್ಲ್ಯುಪಿಎಫ್‌ನ ಬಿಟ್‌ಮ್ಯಾಪ್‌ಇಮೇಜ್‌ನಲ್ಲಾದರೆ ಕ್ಯಾಶ್‌ಆಪ್ಷನ್ 'ಆನ್‌ಲೋಡ್' ಎಂದಿಟ್ಟು ಆಮೇಲೆ ಮುಚ್ಚಬಹುದು.

7. ಹಳೆಯ ಡಿಎಲ್‌ಎಲ್ ಇನ್ನೂ ಬಿನ್ ಫೋಲ್ಡರಿನಲ್ಲೇ ಕೂತಿರಬಹುದು. ಕ್ಲೀನ್ ಮಾಡಿ ರೀಬಿಲ್ಡ್ ಕೊಡಿ.

8. ಹೆಸರು ಸರಿ, ಸ್ಟ್ರೀಮ್ ಸರಿ, ಆದರೂ ಲಿನಕ್ಸ್ ಸರ್ವರಿನಲ್ಲಿ ಚಿತ್ರ ತೆರೆಯುತ್ತಿಲ್ಲವೇ? ಲೈಬ್ರರಿಯನ್ನು ಬೈಯಬೇಡಿ. ಡಾಟ್‌ನೆಟ್ 6ರಿಂದ ಸಿಸ್ಟಂ.ಡ್ರಾಯಿಂಗ್.ಕಾಮನ್‌ಗೆ ಬೆಂಬಲವಿರುವುದು ವಿಂಡೋಸ್‌ನಲ್ಲಿ ಮಾತ್ರ. ಸ್ಕಿಯಾಶಾರ್ಪ್ ಅಥವಾ ಇಮೇಜ್‌ಶಾರ್ಪ್‌ಗೆ ಬದಲಾಯಿಸಿಕೊಳ್ಳಿ.