ಮಗು ಎನ್‌ಐಸಿಯುನಲ್ಲಿದೆ: ಅಪ್ಪ-ಅಮ್ಮ ಮಾಡಬೇಕಾದ್ದೇನು?

ಹೆರಿಗೆಯಾಗಿದೆ, ಮಗುವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ ಎಂಬ ಸುದ್ದಿ ಬಂದ ಗಳಿಗೆಯಿಂದ ಮನೆಮಂದಿ ದಿಕ್ಕಾಪಾಲಾಗುತ್ತಾರೆ. ಅಪ್ಪ ಚೀಟಿ ಹಿಡಿದು ಔಷಧ ಅಂಗಡಿಗೂ ರಕ್ತನಿಧಿಗೂ ಓಡುತ್ತಿರುತ್ತಾನೆ. ಅಮ್ಮ ಸಿಸೇರಿಯನ್ ಹೊಲಿಗೆಯ ನೋವಿನಲ್ಲಿ ಇನ್ನೊಂದು ಮಹಡಿಯಲ್ಲಿ, ಎಷ್ಟೋ ಸಲ ಇನ್ನೊಂದು ಊರಿನ ಆಸ್ಪತ್ರೆಯಲ್ಲೇ ಮಲಗಿರುತ್ತಾಳೆ. ಪಕ್ಕದ ಮಂಚಗಳಲ್ಲಿ ಬೇರೆ ಮಕ್ಕಳು ಅಳುತ್ತಿರುತ್ತವೆ, ಅವಳ ಮಗ್ಗುಲು ಖಾಲಿ. ಇನ್ನೇನಿದ್ದರೂ ಡಾಕ್ಟರ ಕೈಯಲ್ಲಿದೆ, ನಾವು ಹೊರಗೆ ಕಾಯುವುದಷ್ಟೇ ಎಂದು ಎಲ್ಲರೂ ತೀರ್ಮಾನಿಸಿಬಿಡುತ್ತಾರೆ.

ಈ ತೀರ್ಮಾನ ತಪ್ಪು. ತಾಯಿಯ ಹಾಲು, ಅಪ್ಪ-ಅಮ್ಮನ ಮೈಬಿಸಿ, ದಿನವೂ ಪಕ್ಕದಲ್ಲಿ ನಿಂತು ಗಮನಿಸುವ ಕಣ್ಣು ಇವು ಯಾವ ಯಂತ್ರದಿಂದಲೂ ಬರುವುದಿಲ್ಲ. ಪೋಷಕರನ್ನೇ ಆರೈಕೆಯಲ್ಲಿ ಸೇರಿಸಿಕೊಳ್ಳುವ ಪದ್ಧತಿಯನ್ನು ದೆಹಲಿಯ ರಾಮಮನೋಹರ ಲೋಹಿಯಾ ಆಸ್ಪತ್ರೆ ಮಾಡಿ ತೋರಿಸಿದ ಮೇಲೆ, 2017ರಲ್ಲಿ ಕೇಂದ್ರ ಸರ್ಕಾರವೇ ಅದಕ್ಕೆ ಮಾರ್ಗಸೂಚಿ ಹೊರಡಿಸಿದೆ. ಆದ್ದರಿಂದ ‘ಒಳಗೆ ಬರಬಹುದಾ?’ ಎಂದು ಕೇಳಲು ಅಳುಕಬೇಡಿ.

ಮೊದಲು ಅಪರಾಧಿ ಭಾವ ಬಿಡಿ

37 ವಾರ ತುಂಬುವ ಮುನ್ನ ಹುಟ್ಟಿದ ಮಕ್ಕಳು, ಹುಟ್ಟಿದ ಕೂಡಲೇ ಅಳದ ಮಕ್ಕಳು, ಹೊಟ್ಟೆಯೊಳಗೇ ‘ಗಲೀಜು ನೀರು ಕುಡಿದ’ ಮಕ್ಕಳು, ಸೋಂಕು ಅಥವಾ ತೀವ್ರ ಕಾಮಾಲೆ ಇರುವವರು, ತಾಯಿಗೆ ಸಕ್ಕರೆ ಕಾಯಿಲೆ ಇದ್ದು ರಕ್ತದ ಸಕ್ಕರೆ ಇಳಿದವರು ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯು ಸೇರುತ್ತಾರೆ. ಕೆಲವರಿಗೆ ಎರಡು ದಿನ ಸಾಕು, 28 ವಾರಕ್ಕೇ ಹುಟ್ಟಿದ ಮಗುವಿಗೆ ಎರಡು ತಿಂಗಳೂ ಹಿಡಿಯಬಹುದು.

ಪಪ್ಪಾಯಿ ತಿಂದಿದ್ದಕ್ಕಾ, ಗ್ರಹಣದ ದಿನ ಹೊರಗೆ ಬಂದಿದ್ದಕ್ಕಾ ಎಂದು ತಾಯಿ ರಾತ್ರಿಯಿಡೀ ಲೆಕ್ಕ ಹಾಕುತ್ತಾಳೆ. ಯಾರಾದರೂ ಹಿರಿಯರು ಅದಕ್ಕೆ ತುಪ್ಪ ಸುರಿಯುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಎಂದೋ ತಿಂದ ಒಂದು ಹೋಳು ಹಣ್ಣಿನಿಂದ ಹೀಗಾಗುವುದಿಲ್ಲ. ರಕ್ತದೊತ್ತಡ, ಸೋಂಕು, ಅವಳಿ ಗರ್ಭ ಕೆಲವೊಮ್ಮೆ ಕಾರಣ. ಬಹಳ ಸಲ ಕಾರಣವೇ ಸಿಗುವುದಿಲ್ಲ. ‘ಏಳು ತಿಂಗಳ ಮಗು ಉಳಿಯುತ್ತದೆ, ಎಂಟರದ್ದು ಉಳಿಯುವುದಿಲ್ಲ’ ಎಂಬ ಮಾತನ್ನಂತೂ ಬಾಣಂತಿಯ ಕಿವಿಗೆ ಬೀಳಿಸಲೇಬಾರದು. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಮಗುವಿಗೆ ಬಲ ಕೊಡುತ್ತದೆ. ಎಂಟು ತಿಂಗಳ ಮಗುವಿನ ಶ್ವಾಸಕೋಶ ಏಳು ತಿಂಗಳದ್ದಕ್ಕಿಂತ ಹೆಚ್ಚು ಬಲಿತಿರುತ್ತದೆ.

ಮೊದಲ ದಿನ

ಮಗುವನ್ನು ಬೇರೆ ಆಸ್ಪತ್ರೆಗೆ ಸಾಗಿಸುವುದಾದರೆ ಹೊರಡುವ ಮುನ್ನ ತಾಯಿಗೆ ಮಗುವಿನ ಮುಖ ತೋರಿಸಲು ಕೇಳಿ, ಆಗದಿದ್ದರೆ ಒಂದು ಫೋಟೊ ತೆಗೆದುಕೊಳ್ಳಿ. ಬಾಡಿಗೆ ಕಾರಿನಲ್ಲಿ ಬಟ್ಟೆ ಸುತ್ತಿಕೊಂಡು ಹೊರಡಬೇಡಿ. 108ಕ್ಕೆ ಕರೆ ಮಾಡಿ, ಆಮ್ಲಜನಕವಿರುವ ಆಂಬುಲೆನ್ಸ್ ಕೇಳಿ. ದಾರಿಯಲ್ಲಿ ಮಗು ತಣ್ಣಗಾಗುವುದೇ ದೊಡ್ಡ ಅಪಾಯ. ತಾಯಿ ಕಾರ್ಡ್, ರೇಷನ್ ಕಾರ್ಡ್, ಆಧಾರ್, ಹೆರಿಗೆ ವಿವರದ ಚೀಟಿ ಒಂದೇ ಚೀಲದಲ್ಲಿರಲಿ. ತಾಯಿಯನ್ನೂ ಅದೇ ಆಸ್ಪತ್ರೆಗೆ ಸೇರಿಸಿಕೊಳ್ಳಲು ಸಾಧ್ಯವೇ ಎಂದು ಆಗಲೇ ವಿಚಾರಿಸಿ.

ಜಿಲ್ಲಾ ಆಸ್ಪತ್ರೆಗಳಲ್ಲಿ ಎಸ್‌ಎನ್‌ಸಿಯು ಎಂಬ ವಿಶೇಷ ನವಜಾತ ಶಿಶು ಘಟಕಗಳಿವೆ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ವರ್ಷದೊಳಗಿನ ಶಿಶುವಿನ ಚಿಕಿತ್ಸೆ, ಔಷಧ, ಪರೀಕ್ಷೆ, ರಕ್ತ, ವಾಹನ ಎಲ್ಲ ಉಚಿತ. ಖಾಸಗಿ ಆಸ್ಪತ್ರೆಯಾದರೆ ದಿನಕ್ಕೆ ಎಷ್ಟು ಖರ್ಚು, ಅಂದಾಜು ಎಷ್ಟು ದಿನ ಎಂದು ಮೊದಲ ದಿನವೇ ಕೇಳಿ; ನಾಚಿಕೆ ಬೇಡ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆ ಆಸ್ಪತ್ರೆ ಯೋಜನೆಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂಬುದನ್ನು ಅಲ್ಲಿನ ಆರೋಗ್ಯಮಿತ್ರರಿಂದ ತಿಳಿದುಕೊಳ್ಳಿ. ಕಚೇರಿಯಲ್ಲಿ ಆರೋಗ್ಯ ವಿಮೆ ಇದ್ದರೆ ನವಜಾತ ಶಿಶುವಿಗೆ ಅನ್ವಯಿಸುತ್ತದೆಯೇ ನೋಡಿ.

ಹಣ ಮುಗಿಯಿತೆಂದು ಮಗುವನ್ನು ಮನೆಗೆ ಎತ್ತಿಕೊಂಡು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಟ್ಟಲು ಆಗುತ್ತಿಲ್ಲ ಎಂದು ವೈದ್ಯರಿಗೆ ನೇರವಾಗಿ ಹೇಳಿ, ಸರ್ಕಾರಿ ಘಟಕದಲ್ಲಿ ಹಾಸಿಗೆ ಖಾತ್ರಿ ಮಾಡಿಸಿಕೊಂಡು, ಆಂಬುಲೆನ್ಸ್‌ನಲ್ಲೇ ವರ್ಗಾಯಿಸಿ.

ಒಳಗೆ ಕಾಲಿಟ್ಟಾಗ

ಉಂಗುರ, ಬಳೆ, ವಾಚು ತೆಗೆದು ಮೊಣಕೈವರೆಗೆ ಸೋಪಿನಿಂದ ತೊಳೆದುಕೊಳ್ಳಿ. ಉಗುರು ಕತ್ತರಿಸಿರಬೇಕು. ನೆಗಡಿ, ಜ್ವರ, ಭೇದಿ ಇದ್ದವರು ಒಳಗೆ ಹೋಗಲೇಬಾರದು, ಎಷ್ಟೇ ಹತ್ತಿರದ ನೆಂಟರಾಗಲಿ.

ಮೊದಲ ನೋಟ ಎದೆ ನಡುಗಿಸುತ್ತದೆ. ಮೂಗಿನಲ್ಲಿ ನಳಿಕೆ, ಹೊಕ್ಕುಳಲ್ಲಿ ತೆಳ್ಳನೆಯ ಕೊಳವೆ, ಎದೆಗೆ ಅಂಟಿಸಿದ ಮೂರು ವೈರು, ಪಾದಕ್ಕೆ ಸುತ್ತಿದ ಕೆಂಪಗೆ ಹೊಳೆಯುವ ಪಟ್ಟಿ. ಆ ಕೆಂಪು ಬೆಳಕು ರಕ್ತದಲ್ಲಿನ ಆಮ್ಲಜನಕ ಅಳೆಯುತ್ತದೆ, ಮಗುವಿಗೆ ನೋಯುವುದಿಲ್ಲ. ಎದೆಯ ವೈರುಗಳು ಬಡಿತವನ್ನೂ ಉಸಿರನ್ನೂ ಎಣಿಸುತ್ತವೆ. ಹೃದಯ ನಿಮಿಷಕ್ಕೆ 120ರಿಂದ 160 ಸಲ ಬಡಿದರೆ, ಉಸಿರು 40ರಿಂದ 60 ಸಲ ಆಡಿದರೆ ಶಿಶುವಿಗೆ ಅದು ಸಹಜ. ದೊಡ್ಡವರ ಲೆಕ್ಕ ಇಲ್ಲಿ ಹೊಂದುವುದಿಲ್ಲ. ಬಾಯಿಂದ ಹೊಟ್ಟೆಗೆ ಇಳಿದ ಸಣ್ಣ ನಳಿಕೆ ಹಾಲಿಗೆ. ನೀಲಿ ಬೆಳಕಿನಡಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ದರೆ ಅದು ಕಾಮಾಲೆಗೆ. ಮೂಗಿಗೆ ಸಿಪ್ಯಾಪ್ ಹಾಕಿದ್ದಾರೆಂದರೆ ಮಗು ತಾನೇ ಉಸಿರಾಡುತ್ತಿದೆ, ಶ್ವಾಸಕೋಶ ಕುಸಿಯದಂತೆ ಗಾಳಿಯ ಒತ್ತಡ ಕೊಡುತ್ತಿದ್ದಾರೆ ಎಂದರ್ಥ.

ಅಲಾರಾಂ ಕೂಗಿದಾಗಲೆಲ್ಲ ಜೀವ ಬಾಯಿಗೆ ಬರುತ್ತದೆ. ಮಗು ಕಾಲು ಆಡಿಸಿ ವೈರು ಸಡಿಲವಾದರೂ ಅದು ಕೂಗುತ್ತದೆ. ಪರದೆ ನೋಡುವುದಕ್ಕಿಂತ ಮಗುವಿನ ಮುಖ ನೋಡಿ, ನರ್ಸನ್ನು ಕೇಳಿ. ದಿನ ತುಂಬದ ಮಕ್ಕಳು ಆಗಾಗ ಉಸಿರಾಡಲು ಮರೆಯುವುದೂ ಉಂಟು. ಸಿಬ್ಬಂದಿ ಪಾದ ತಟ್ಟಿ ಎಚ್ಚರಿಸುತ್ತಾರೆ.

ಮುಟ್ಟಲು ಅನುಮತಿ ಸಿಕ್ಕಾಗ ಮೈ ಸವರಬೇಡಿ. ತೆಳ್ಳನೆಯ ಚರ್ಮಕ್ಕೆ ಸವರಿದರೆ ಕಿರಿಕಿರಿ. ಒಂದು ಅಂಗೈಯಿಂದ ತಲೆ, ಇನ್ನೊಂದರಿಂದ ಮಡಿಸಿದ ಪಾದ ಹಿಡಿದು ಅಲುಗಾಡಿಸದೆ ನಿಲ್ಲಿ. ಮೆಲ್ಲಗೆ ಮಾತಾಡಿ. ಹೊಟ್ಟೆಯಲ್ಲಿದ್ದಾಗಲೇ ಕೇಳಿದ ಅಮ್ಮನ ದನಿಯ ಗುರುತು ಮಗುವಿಗೆ ಇರುತ್ತದೆ.

ಹಾಲು: ತಾಯಿಯೊಬ್ಬಳೇ ಕೊಡಬಲ್ಲ ಔಷಧ

ಇಲ್ಲಿ ತಡಮಾಡಬಾರದು. ಮಗು ಇನ್ನೂ ಚೀಪುತ್ತಿಲ್ಲ, ಹಾಲು ಯಾಕೆ ಎನ್ನುವವರ ಮಾತು ಕೇಳಬೇಡಿ. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲೇ ಕೈಯಿಂದ ಹಾಲು ಹಿಂಡಲು ಶುರುಮಾಡಬೇಕು. ಹೆಬ್ಬೆರಳು ಮೇಲೆ, ಬೆರಳುಗಳು ಕೆಳಗೆ ಬರುವಂತೆ ಮೊಲೆತೊಟ್ಟಿನ ಸುತ್ತಲ ಕಪ್ಪು ಭಾಗದ ಅಂಚಿನಲ್ಲಿ ಹಿಡಿಯಿರಿ. ಮೊದಲು ಎದೆಯ ಕಡೆಗೆ ಒತ್ತಿ, ಆಮೇಲೆ ಬೆರಳು ಸೇರಿಸಿ ಹಿಂಡಿ, ಬಿಡಿ. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನು ಎಳೆಯಬಾರದು. ಮೊದಲ ದಿನ ಬರುವುದು ನಾಲ್ಕಾರು ಹನಿ. ಅಷ್ಟೇ ಎಂದು ಕಣ್ಣೀರು ಹಾಕುವ ತಾಯಂದಿರಿದ್ದಾರೆ. ಒಂದು ಕಿಲೋ ತೂಕದ ಮಗುವಿಗೆ ಮೊದಮೊದಲು ಒಂದು ಸಲಕ್ಕೆ ಕೊಡುವುದೇ ಒಂದೆರಡು ಮಿಲಿಲೀಟರ್. ಆ ಹಳದಿ ಗಿಣ್ಣುಹಾಲನ್ನು ಚೆಲ್ಲುವ ಪದ್ಧತಿ ಇನ್ನೂ ಕೆಲವು ಮನೆಗಳಲ್ಲಿದೆ. ಎನ್‌ಐಸಿಯುನಲ್ಲಿರುವ ಮಗುವಿಗೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ನುಂಗಲಾಗದ ಮಗುವಿಗೂ ಅದನ್ನು ಕೆನ್ನೆಯ ಒಳಗೆ ಸವರುತ್ತಾರೆ. ದಿನ ತುಂಬದ ಮಕ್ಕಳ ಕರುಳು ಕೊಳೆಯುವ ಭೀಕರ ಕಾಯಿಲೆಯ ಅಪಾಯವನ್ನು ತಾಯಿಹಾಲು ತಗ್ಗಿಸುತ್ತದೆ.

ಎರಡು-ಮೂರು ಗಂಟೆಗೊಮ್ಮೆ, ದಿನಕ್ಕೆ ಕನಿಷ್ಠ ಎಂಟು ಸಲ ಹಿಂಡಿ. ನಡುರಾತ್ರಿಯ ಸರದಿಯನ್ನು ತಪ್ಪಿಸಬೇಡಿ, ಹಾಲು ಉತ್ಪಾದಿಸುವ ಹಾರ್ಮೋನು ಹೆಚ್ಚುವುದು ಆಗಲೇ. ಮಗುವಿನ ಪಕ್ಕ ಕೂತು, ಅಥವಾ ಅದರ ಫೋಟೊ ನೋಡುತ್ತಾ ಹಿಂಡಿದರೆ ಹಾಲು ಸಲೀಸಾಗಿ ಇಳಿಯುತ್ತದೆ. ಕುದಿಸಿದ ಸ್ಟೀಲು ಬಟ್ಟಲು ಸಾಕು. ಹೆಸರು, ದಿನಾಂಕ, ಹೊತ್ತು ಬರೆದ ಚೀಟಿ ಅಂಟಿಸಿ. ಹಿಂಡಿದ ಹಾಲು ಹೊರಗೆ 4 ಗಂಟೆ, ಫ್ರಿಜ್ಜಿನಲ್ಲಿ 24 ಗಂಟೆ ಇರುತ್ತದೆ. ತಾಯಿ ಬೇರೆ ಆಸ್ಪತ್ರೆಯಲ್ಲಿದ್ದರೆ ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ತಲುಪಿಸುವುದು ಅಪ್ಪನ ಕೆಲಸ. ಹಾಲು ಬರುವುದು ತಡವಾದರೆ ಡಬ್ಬಿ ಹಾಲಿಗೆ ಮುನ್ನ ಎದೆಹಾಲಿನ ಬ್ಯಾಂಕ್ ಇದೆಯೇ ಕೇಳಿ. ಬೆಂಗಳೂರಿನ ವಾಣಿವಿಲಾಸ, ಮಂಗಳೂರಿನ ಲೇಡಿಗೋಷನ್‌ನಂಥ ಆಸ್ಪತ್ರೆಗಳಲ್ಲಿ ಅವಿವೆ. ಚೀಪಿ, ನುಂಗಿ, ಉಸಿರಾಡುವ ಹೊಂದಾಣಿಕೆ ಮಗುವಿಗೆ ಬರುವುದು ಸುಮಾರು 34 ವಾರಕ್ಕೆ. ಅಲ್ಲಿಯವರೆಗೆ ನಳಿಕೆ, ಆಮೇಲೆ ಒಳಲೆ ಅಥವಾ ಚಮಚ, ನಿಧಾನಕ್ಕೆ ಎದೆ.

ಕಾಂಗರೂ ಆರೈಕೆ

1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳ ಕೊರತೆಯಿಂದಾಗಿ ಶುರುವಾದ ಪದ್ಧತಿ ಇದು. 2021ರಲ್ಲಿ ಭಾರತವೂ ಸೇರಿದಂತೆ ಐದು ದೇಶಗಳ ಅಧ್ಯಯನವೊಂದು ಪ್ರಕಟವಾಯಿತು. ಮಗು ಚೇತರಿಸಿಕೊಳ್ಳಲಿ ಎಂದು ಕಾಯದೆ ಹುಟ್ಟಿದ ಕೂಡಲೇ ಎದೆಗೊರಗಿಸಿಕೊಂಡಾಗ, ಕಡಿಮೆ ತೂಕದ ಶಿಶುಗಳ ಸಾವು ಕಾಲುಭಾಗದಷ್ಟು ತಗ್ಗಿದ್ದು ಅದರಲ್ಲಿ ಕಂಡುಬಂತು. ನಮ್ಮ ಕೊಪ್ಪಳ ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲೂ ಹಳ್ಳಿಯ ಮನೆಗಳಲ್ಲೂ ಇದನ್ನು ವ್ಯವಸ್ಥಿತವಾಗಿ ಜಾರಿಗೆ ತಂದ ಅನುಭವವಿದೆ.

ವೈದ್ಯರು ಒಪ್ಪಿದ ಮೇಲೆ ಮಗುವಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ. ಮುಂದೆ ತೆರೆಯುವ ಕುಪ್ಪಸ ಅಥವಾ ನೈಟಿಯೊಳಗೆ, ಎರಡು ಸ್ತನಗಳ ನಡುವೆ, ಕಪ್ಪೆಯಂತೆ ಕೈಕಾಲು ಮಡಿಸಿ ನೆಟ್ಟಗೆ ಒರಗಿಸಿ. ತಲೆ ಒಂದು ಪಕ್ಕಕ್ಕೆ ತಿರುಗಿ ತುಸು ಮೇಲಕ್ಕಿರಬೇಕು; ಗದ್ದ ಎದೆಗೆ ಒತ್ತಿಕೊಂಡರೆ ಉಸಿರಿಗೆ ತೊಂದರೆ. ಮೆತ್ತನೆಯ ಹತ್ತಿ ಬಟ್ಟೆಯಿಂದ ಬಿಗಿಯಾಗಿ ಸುತ್ತಿ, ಹಿಂದಕ್ಕೆ ಒರಗಿ ಕೂರಿ. ಒಂದು ಸಲಕ್ಕೆ ಕನಿಷ್ಠ ಒಂದು ಗಂಟೆ, ದಿನಕ್ಕೆ ಎಷ್ಟು ಹೆಚ್ಚಾದರೆ ಅಷ್ಟು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 8ರಿಂದ 24 ಗಂಟೆ. ಸಿಸೇರಿಯನ್ ಆದವರೂ ಮಾಡಬಹುದು. ಅಮ್ಮ ದಣಿದಾಗ ಅಪ್ಪ, ಅಜ್ಜಿ ಎದೆ ಕೊಡಲಿ. ಅಂಗಿ ಬಿಚ್ಚಿ ಮಗುವನ್ನು ಎದೆಗವಚಿ ಕೂತ ಗಂಡಸನ್ನು ನೋಡಿ ನಗುವವರಿದ್ದರೆ ಅವರನ್ನು ಹೊರಗೆ ಕಳಿಸಿ.

ವೈದ್ಯರ ಜತೆ ಮಾತು

ಯಾವ ಹೊತ್ತಿಗೆ, ಯಾವ ವೈದ್ಯರು ವಿವರ ಕೊಡುತ್ತಾರೆ ಎಂದು ತಿಳಿದುಕೊಂಡು, ಸಾಧ್ಯವಾದರೆ ಅಪ್ಪ-ಅಮ್ಮ ಇಬ್ಬರೂ ಹೋಗಿ. ಒಂದು ನೋಟ್‌ಬುಕ್ ಇರಲಿ. ನಿನ್ನೆಗಿಂತ ಇವತ್ತು ಏನು ಬದಲಾಗಿದೆ, ಉಸಿರಿಗೆ ಎಷ್ಟು ನೆರವು ಬೇಕಾಗಿದೆ, ಎಷ್ಟು ಹಾಲು ಅರಗುತ್ತಿದೆ, ನಾವು ಏನು ಮಾಡಬಹುದು ಎಂದು ಕೇಳಿದರೆ ಸಾಕು. ಅರ್ಥವಾಗದಿದ್ದರೆ ಕನ್ನಡದಲ್ಲಿ ಇನ್ನೊಮ್ಮೆ ಹೇಳಿ ಎನ್ನುವುದು ನಿಮ್ಮ ಹಕ್ಕು. ಮೊದಲ ವಾರ ತೂಕ ಇಳಿಯುತ್ತದೆ, ಎರಡನೇ ವಾರ ಮುಗಿಯುವ ಹೊತ್ತಿಗೆ ಹುಟ್ಟಿದ ತೂಕಕ್ಕೆ ಮರಳುವುದು ವಾಡಿಕೆ. ಆಮ್ಲಜನಕ ತೆಗೆದು ಮತ್ತೆ ಹಾಕುವುದೂ ಸಾಮಾನ್ಯ, ಅದನ್ನು ಸೋಲೆಂದು ತಿಳಿಯಬೇಡಿ.

ಬಾಣಂತಿಯನ್ನು ಯಾರು ನೋಡುತ್ತಾರೆ?

ಹಸಿ ಮೈ, ಗಾಳಿ ಸೋಕಬಾರದು, ಪುರುಡು ಕಳೆಯಬೇಕು ಎಂದು ತಾಯಿಯನ್ನು ಮಗುವಿನ ಹತ್ತಿರ ಬಿಡದ ಮನೆಗಳಿವೆ. ಅವಳಿಗೆ ನಿಜಕ್ಕೂ ಬೇಕಾದದ್ದು ಹೊಟ್ಟೆ ತುಂಬ ಬಿಸಿ ಊಟ, ಬೇಕೆನಿಸಿದಷ್ಟು ನೀರು, ನಿದ್ದೆ, ಮತ್ತು ಎನ್‌ಐಸಿಯು ಬಾಗಿಲವರೆಗೆ ಕರೆದೊಯ್ಯುವ ಒಂದು ಗಾಲಿಕುರ್ಚಿ. ನೆಂಟರ ಫೋನಿಗೆಲ್ಲ ಒಬ್ಬರೇ ಉತ್ತರಿಸಲಿ. ತೂಕ ಎಷ್ಟಾಯ್ತು ಎಂಬ ಪ್ರಶ್ನೆಗೆ ತಾಯಿ ದಿನಕ್ಕೆ ಹತ್ತು ಸಲ ಉತ್ತರ ಹೇಳುವಂತಾಗಬಾರದು. ಮಗುವಿನ ಸ್ಥಿತಿಯನ್ನು ಅವಳಿಂದ ಮುಚ್ಚಿಡಬೇಡಿ. ಗುಸುಗುಸು ಮಾತು ಕೇಳಿ ಅವಳು ಊಹಿಸಿಕೊಳ್ಳುವುದು ನಿಜಕ್ಕಿಂತ ಭಯಂಕರವಾಗಿರುತ್ತದೆ.

ಹೆರಿಗೆಯ ಮೊದಲ ವಾರ ಸುಮ್ಮಸುಮ್ಮನೆ ಅಳು ಬರುವುದು ಸಹಜ. ಎರಡು ವಾರ ಕಳೆದರೂ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮಗುವನ್ನು ನೋಡಲೇ ಮನಸ್ಸಿಲ್ಲ ಎಂದರೆ ಅದು ಖಿನ್ನತೆಯಿರಬಹುದು. ಸಾಯುವ ಮಾತು ಬಂದರಂತೂ ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಿಗೆ ತೋರಿಸಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವನ್ನು ಒಟ್ಟಿಗೇ ನೋಡಿಕೊಳ್ಳುವ ವಿಭಾಗವೂ ಇದೆ. ಅಪ್ಪನೂ ಕುಸಿಯುತ್ತಾನೆ, ಗಟ್ಟಿಯಾಗಿರು ಎಂದು ಅವನ ಬಾಯಿ ಮುಚ್ಚಿಸಬೇಡಿ.

ಎಲ್ಲ ಮಕ್ಕಳೂ ಉಳಿಯುವುದಿಲ್ಲ. ವೈದ್ಯರು ಕೈಚೆಲ್ಲಿದರೆ ಮಗುವನ್ನು ಎತ್ತಿಕೊಳ್ಳಲು, ಹೆಸರಿಡಲು, ಬೇಕೆನಿಸಿದರೆ ಫೋಟೊ ತೆಗೆಯಲು ತಾಯಿ-ತಂದೆಗೆ ಬಿಡುವು ಕೊಡಿ. ‘ನೋಡಬೇಡ, ಮರೆತುಬಿಡ್ತೀಯ, ಇನ್ನೊಂದು ಆಗುತ್ತೆ’ ಎನ್ನುವ ಮಾತು ಸಮಾಧಾನವಲ್ಲ.

ಮನೆಗೆ ಹೊರಟಾಗ

ಮಗು ತಾನೇ ಹಾಲು ಕುಡಿಯುತ್ತಿರಬೇಕು, ಮೈಬಿಸಿ ಉಳಿಸಿಕೊಳ್ಳಬೇಕು, ತೂಕ ಏರುತ್ತಿರಬೇಕು. ಮನೆಯಲ್ಲೂ ಕಾಂಗರೂ ಆರೈಕೆ ನಡೆಯಲಿ. ಎಣ್ಣೆ-ನೀರಿನ ಸ್ನಾನಕ್ಕೆ ಅವಸರ ಬೇಡ. ಸಾಂಬ್ರಾಣಿ ಹೊಗೆ, ಜೇನು, ಬಜೆ, ಕಾಡಿಗೆ ಈ ಮಗುವಿಗೆ ಬೇಡವೇ ಬೇಡ. ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಎದೆ ಒಳಸೆಳೆದರೆ, ಅಂಗೈ-ಅಂಗಾಲು ಹಳದಿಯಾದರೆ, ಸೆಟೆದುಕೊಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಓಡಿ. ಆಶಾ ಕಾರ್ಯಕರ್ತೆಗೆ ಮಗು ಬಂದ ವಿಷಯ ತಿಳಿಸಿ, ಮನೆಗೇ ಬಂದು ನೋಡುವುದು ಅವರ ಜವಾಬ್ದಾರಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗು ಆರು ತಿಂಗಳಿಗೆ ನಾಲ್ಕು ತಿಂಗಳ ಮಗುವಿನಂತೆ ಆಡಿದರೆ ಗಾಬರಿ ಬೇಡ. ಲಸಿಕೆಗೆ ಮಾತ್ರ ಹುಟ್ಟಿದ ದಿನದ ಲೆಕ್ಕವೇ.

ಕಿವಿ ಪರೀಕ್ಷೆ ಆಗಿದೆಯೇ ಕೇಳಿ. ಅದಕ್ಕಿಂತ ತುರ್ತಿನದು ಕಣ್ಣು. 34 ವಾರಕ್ಕೆ ಮುಂಚೆ ಹುಟ್ಟಿದ, ಅಥವಾ ಎರಡು ಕಿಲೋಗಿಂತ ಕಡಿಮೆ ತೂಕವಿದ್ದ ಮಗುವಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಶಾಶ್ವತ ಕುರುಡು ಬರಬಹುದು. ಇದನ್ನು ಆರ್‌ಒಪಿ ಎನ್ನುತ್ತಾರೆ. ಹೊರಗಿನಿಂದ ನೋಡಿದರೆ ಕಣ್ಣು ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಸಕಾಲಕ್ಕೆ ಕಂಡುಹಿಡಿದರೆ ಲೇಸರ್ ಅಥವಾ ಇಂಜೆಕ್ಷನ್‌ನಿಂದ ಬಹುತೇಕ ಮಕ್ಕಳ ದೃಷ್ಟಿ ಉಳಿಸಬಹುದು. 2008ರಿಂದ ನಾರಾಯಣ ನೇತ್ರಾಲಯದ ಕಿಡ್‌ರಾಪ್ ಕಾರ್ಯಕ್ರಮದಡಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ರಾಜ್ಯದ ಜಿಲ್ಲಾ ಆಸ್ಪತ್ರೆಗಳಿಗೇ ಬಂದು ಪರೀಕ್ಷೆ ಮಾಡುತ್ತಿದ್ದಾರೆ. ಮೊದಲ ಪರೀಕ್ಷೆ ಹುಟ್ಟಿದ 30 ದಿನದೊಳಗೆ ಆಗಲೇಬೇಕು. ತೀರ ಮುಂಚೆ, 28 ವಾರದೊಳಗೆ ಹುಟ್ಟಿದ್ದರೆ ಎರಡು-ಮೂರು ವಾರಕ್ಕೇ. ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನಾಂಕ ಬರೆಯದೇ ಇದ್ದರೆ, ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.