ಹುಳಿ ಮಜ್ಜಿಗೆಯಿಂದ ಬ್ರೆಡ್: ಐರ್ಲೆಂಡಿನ ಹೈನುಗಾರ ಮನೆಗಳ ಒಂದು ಅಡುಗೆ

ಬೆಳಗಿನ ಹಾಲನ್ನು ಸಂಘಕ್ಕೆ ಹಾಕಿ ಬಂದ ಮೇಲೆ ಮನೆಗೆಂದು ಉಳಿಸಿಕೊಂಡ ಹಾಲಿನ ಕಥೆ ನಿಮಗೆ ಗೊತ್ತೇ ಇದೆ. ಕಾಫಿಗೆ ಸ್ವಲ್ಪ, ಮಕ್ಕಳಿಗೆ ಸ್ವಲ್ಪ, ಉಳಿದದ್ದು ಹೆಪ್ಪಿಗೆ. ಮೊಸರು ಕಡೆದು ಬೆಣ್ಣೆ ತೆಗೆದರೆ ಮಜ್ಜಿಗೆ. ಒಂದು ದಿನ ಊಟಕ್ಕೆ, ಮರುದಿನ ಸಾರಿಗೆ. ಮೂರನೆಯ ದಿನ ಬಾಯಿಗಿಟ್ಟರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ, ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತದೆ. ಆ ಮೂರನೆಯ ದಿನದ ಮಜ್ಜಿಗೆಯನ್ನೇ ನಂಬಿಕೊಂಡು ದೂರದ ಐರ್ಲೆಂಡಿನ ಹಳ್ಳಿ ಹೆಂಗಸರು ತಲೆತಲಾಂತರದಿಂದ ಬ್ರೆಡ್ ಮಾಡಿದ್ದಾರೆ. ಅದರ ಹೆಸರು ಸೋಡಾ ಬ್ರೆಡ್. ಹಿಟ್ಟು, ಉಪ್ಪು, ಅಡುಗೆ ಸೋಡಾ, ಹುಳಿ ಮಜ್ಜಿಗೆ ಇವು ನಾಲ್ಕೇ ಸಾಕು. ಮೊಟ್ಟೆ, ಸಕ್ಕರೆ, ಯೀಸ್ಟ್ ಬೇಡ.

ಐರ್ಲೆಂಡ್ ಮಳೆ ಮತ್ತು ಹುಲ್ಲಿನ ನಾಡು, ಅದಕ್ಕೇ ಹಸುಗಳ ನಾಡು ಕೂಡ. ಅಲ್ಲಿಯ ರೈತ ಮಹಿಳೆ ಹಾಲಿನ ಕೆನೆಯನ್ನು ಕೆಲವು ದಿನ ಕೂಡಿಟ್ಟು, ಅದು ತಾನಾಗಿ ಹುಳಿಯಾದ ಮೇಲೆ ಎತ್ತರದ ಮರದ ಕಡೆಯುವ ಪಾತ್ರೆಗೆ ಹಾಕಿ, ಉದ್ದನೆಯ ಕೋಲನ್ನು ಮೇಲೆ ಕೆಳಗೆ ಕುಟ್ಟಿ ಬೆಣ್ಣೆ ತೆಗೆಯುತ್ತಿದ್ದಳು. ನಮ್ಮ ಕಡಗೋಲು ತಿರುಗುತ್ತದೆ, ಅವರದು ಕುಟ್ಟುತ್ತದೆ. ವ್ಯತ್ಯಾಸ ಅಷ್ಟೇ. ಬೆಣ್ಣೆ ಪೇಟೆಗೆ ಹೋಗುತ್ತಿತ್ತು, ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿತ್ತು. ಆ ತೇವದ ಹವೆಯಲ್ಲಿ ಬೆಳೆಯುವ ಗೋಧಿ ಮೆತ್ತನೆಯ ಜಾತಿಯದು. ಅದರ ಹಿಟ್ಟಿಗೆ ಜಿಗುಟು ಕಡಿಮೆ, ಯೀಸ್ಟ್ ಹಾಕಿ ಉಬ್ಬಿಸಿದರೆ ಚೆನ್ನಾಗಿ ನಿಲ್ಲುವುದಿಲ್ಲ. 19ನೇ ಶತಮಾನದ ಮೊದಲ ಭಾಗದಲ್ಲಿ ಅಡುಗೆ ಸೋಡಾ ಅಂಗಡಿಗೆ ಬಂತು. 1836ರಲ್ಲೇ ಅಲ್ಲಿಯ ಒಂದು ಪತ್ರಿಕೆಯಲ್ಲಿ ಸೋಡಾ ಮತ್ತು ಮಜ್ಜಿಗೆಯ ಬ್ರೆಡ್ಡಿನ ವಿಧಾನ ಅಚ್ಚಾಗಿತ್ತು. ಬಡವರ ಮನೆಯಲ್ಲಿ ಒಲೆಗೂಡು ಎಲ್ಲಿಂದ ಬರಬೇಕು? ಜೌಗು ನೆಲದಿಂದ ಕಡಿದು ಒಣಗಿಸಿದ ಹೆಂಟೆಗಳೇ ಸೌದೆ. ಆ ಬೆಂಕಿಯ ಮೇಲೆ ಬ್ಯಾಸ್ಟಿಬಲ್ ಎಂಬ ಕಬ್ಬಿಣದ ಪಾತ್ರೆ ತೂಗುಹಾಕಿ, ಮುಚ್ಚಳದ ಮೇಲೂ ಕೆಂಡ ಸುರಿದು ಬ್ರೆಡ್ ಬೇಯಿಸುತ್ತಿದ್ದರು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ಅದು ನಮಗೂ ತಟ್ಟುತ್ತದೆ. ಬೆಣ್ಣೆ ಮಾರಿದ ದುಡ್ಡು ಅಲ್ಲಿ ಸಾಮಾನ್ಯವಾಗಿ ಹೆಂಗಸರ ಕೈಗೆ ಬರುತ್ತಿತ್ತು. ಮನೆಖರ್ಚು, ಮಕ್ಕಳ ಬಟ್ಟೆ ಅದರಲ್ಲೇ ನಡೆಯುತ್ತಿತ್ತು. 1878ರಲ್ಲಿ ಸ್ವೀಡನ್ನಿನ ಡಿ ಲಾವಲ್ ಕೆನೆ ಬೇರ್ಪಡಿಸುವ ಯಂತ್ರ ಮಾಡಿದ. 1889ರಲ್ಲಿ ಹೊರೇಸ್ ಪ್ಲಂಕೆಟ್ ಅವರ ಪ್ರಯತ್ನದಿಂದ ಲಿಮೆರಿಕ್ ಜಿಲ್ಲೆಯ ಡ್ರಮ್‌ಕೊಲೊಹರ್ ಎಂಬ ಊರಿನಲ್ಲಿ ಐರ್ಲೆಂಡಿನ ಮೊದಲ ಸಹಕಾರಿ ಬೆಣ್ಣೆ ಕೇಂದ್ರ ಶುರುವಾಯಿತು. ಬೆಣ್ಣೆಯ ಗುಣಮಟ್ಟ ಸುಧಾರಿಸಿತು, ಕಡೆಯುವ ರೆಟ್ಟೆನೋವು ತಪ್ಪಿತು. ಇದೆಲ್ಲ ನಿಜವಾದ ಲಾಭವೇ. ಆದರೆ ಹಾಲಿನ ಕ್ಯಾನನ್ನು ಗಾಡಿಯಲ್ಲಿ ಕೊಂಡೊಯ್ದವನು ಗಂಡಸು, ಲೆಕ್ಕ ಬರೆದದ್ದು ಅವನ ಹೆಸರಿಗೆ, ದುಡ್ಡು ಬಂದದ್ದೂ ಅವನ ಕೈಗೆ. ಹಾಲು ಕರೆಯುವವಳು ಮಾತ್ರ ಅವಳೇ. ಕೇಂದ್ರದಿಂದ ತಿರುಗಿ ಬರುತ್ತಿದ್ದುದು ಕೆನೆ ತೆಗೆದ ಹಾಲು. ಅದು ಕರುಗಳಿಗೆ, ಹಂದಿಗಳಿಗೆ. ಮನೆಯಲ್ಲಿ ಕಡೆಯುವುದು ನಿಂತಲ್ಲಿ ಬ್ರೆಡ್ಡಿಗೆ ಬೇಕಾದ ಮಜ್ಜಿಗೆಯನ್ನೂ ಹೊರಗಿನಿಂದ ತರಬೇಕಾಯಿತು.

ನಮ್ಮಲ್ಲಿ ಮಹಿಳಾ ಸಂಘಗಳಿವೆ, ಸದಸ್ಯರ ಪುಸ್ತಕದಲ್ಲಿ ನಿಮ್ಮದೇ ಹೆಸರಿದೆ. ಆದರೂ ಕೇಳುತ್ತೇನೆ: ಬಟವಾಡೆ ಜಮೆಯಾಗುವ ಬ್ಯಾಂಕ್ ಖಾತೆ ಯಾರ ಹೆಸರಿನಲ್ಲಿದೆ? ಪಾಸ್‌ಬುಕ್ ಯಾರ ಪೆಟ್ಟಿಗೆಯಲ್ಲಿದೆ? ಬೇರೆಯವರ ಹೆಸರಿನಲ್ಲಿದ್ದರೆ ಬದಲಾಯಿಸುವುದು ಹೇಗೆಂದು ಕಾರ್ಯದರ್ಶಿಯನ್ನು ಕೇಳಿ. ಕೇಳಲು ಸಂಕೋಚ ಬೇಡ. ಹಾಗೆಯೇ ಲೀಟರು ಹೆಚ್ಚಲಿ ಎಂದು ಮನೆಯ ಮಕ್ಕಳ ಪಾಲನ್ನೂ ಕ್ಯಾನಿಗೆ ಸುರಿಯಬೇಡಿ. ಒಕ್ಕೂಟದ ಪತ್ರಿಕೆಯಲ್ಲೇ ಹೀಗೆ ಬರೆಯುವುದೇ ಎಂದು ಯಾರಾದರೂ ಕೇಳಿಯಾರು. ಬರೆಯಬಹುದು.

ಈಗ ಬ್ರೆಡ್ಡಿಗೆ ಬರೋಣ. ಮಜ್ಜಿಗೆಯ ಹುಳಿ ಎಂದರೆ ಲ್ಯಾಕ್ಟಿಕ್ ಆಮ್ಲ. ಅದು ಸೋಡಾವನ್ನು ಮುಟ್ಟಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತದೆ, ಆ ಗುಳ್ಳೆಗಳೇ ಹಿಟ್ಟನ್ನು ಎತ್ತುವುದು. ಮೊಸರು, ಮೈದಾ, ಸೋಡಾ ಕಲಸಿ ಗೋಳಿಬಜೆ ಕರಿಯುವವರಿಗೆ ಇದು ಹೊಸದಲ್ಲ. ಮಜ್ಜಿಗೆ ಸಿಹಿಯಾಗಿದ್ದರೆ ಸೋಡಾ ಕರಗದೆ ಉಳಿದಂತಾಗಿ ಬ್ರೆಡ್ ಹಳದಿಯಾಗುತ್ತದೆ, ಸಾಬೂನಿನ ರುಚಿ ಬರುತ್ತದೆ. ನಾನು ಮೊದಲ ಸಲ ಮಾಡಿದ್ದು ಹಾಗೇ ಆಯಿತು: ಮಜ್ಜಿಗೆ ಹೊಸದು, ಸೋಡಾ ಮಾತ್ರ ಧಾರಾಳ. ನಾಯಿಯೂ ಮೂಸಿ ಬಿಟ್ಟಿತು.

ಇದೇ ಕಾರಣಕ್ಕೆ ಒಂದು ಎಚ್ಚರಿಕೆಯನ್ನೂ ಸೇರಿಸುತ್ತೇನೆ. ಬೇಸಿಗೆಯಲ್ಲಿ ಹಾಲು ಒಡೆಯದಿರಲಿ ಎಂದು ಚಿಟಿಕೆ ಸೋಡಾ ಹಾಕುವ ಕೆಟ್ಟ ಅಭ್ಯಾಸ ಅಲ್ಲಲ್ಲಿ ಇದೆ. ಹಾಕಿದರೆ ಹುಳಿ ಅಡಗುತ್ತದೆ, ಹಾಲು ಕೆಡುವುದು ನಿಲ್ಲುವುದಿಲ್ಲ. ರೋಸಾಲಿಕ್ ಆಮ್ಲದ ಪರೀಕ್ಷೆಯಲ್ಲಿ ಅಂಥ ಹಾಲು ಗುಲಾಬಿ ಕೆಂಪಾಗಿ ಸಿಕ್ಕಿಬೀಳುತ್ತದೆ. ಸೋಡಾ ಇರಬೇಕಾದದ್ದು ಹಿಟ್ಟಿನಲ್ಲಿ, ಹಾಲಿನಲ್ಲಲ್ಲ.

ನಾಲ್ಕು ಜನಕ್ಕೆ 250 ಗ್ರಾಂ ಹಿಟ್ಟು ಸಾಕು. ಎಲ್ಲ ಮೈದಾ ಆದರೂ ಸರಿ, ಅರ್ಧ ಮೈದಾ ಅರ್ಧ ಗೋಧಿಹಿಟ್ಟು ಆದರೆ ರುಚಿ ಹೆಚ್ಚು. ಅದಕ್ಕೆ ಅರ್ಧ ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಅಡುಗೆ ಸೋಡಾ. ಚಮಚ ಗೋಪುರವಾಗಿರಬಾರದು, ಬೆರಳಿನಿಂದ ಸವರಿ ಸಮ ಮಾಡಿ. ಬಟ್ಟೆ ಒಗೆಯುವ ಸೋಡಾ ಬೇರೆ, ಅದನ್ನು ಅಡುಗೆಗೆ ತರಲೇಬಾರದು. ಮೂರನ್ನೂ ಎರಡು ಸಲ ಜರಡಿ ಹಿಡಿಯಿರಿ, ಸೋಡಾ ಗಂಟು ಎಲ್ಲಿಯೂ ಉಳಿಯಬಾರದು. ನೀರು ಬೆರೆಸದ ಗಟ್ಟಿ ಹುಳಿ ಮಜ್ಜಿಗೆ 200 ಮಿಲಿಲೀಟರ್ ಅಳೆದಿಡಿ. ಮಜ್ಜಿಗೆ ಇಲ್ಲದಿದ್ದರೆ 150 ಮಿಲಿ ಹುಳಿ ಮೊಸರಿಗೆ 50 ಮಿಲಿ ನೀರು ಕಡೆದರೆ ಆಯಿತು. ಗೋಧಿಹಿಟ್ಟು ಹೆಚ್ಚಿದ್ದರೆ ಇನ್ನೂ ಎರಡು ಚಮಚ ಹಿಡಿಯಬಹುದು.

ಒಲೆ ಮೊದಲು ಕಾಯಬೇಕು, ಕಲಸುವುದು ಆಮೇಲೆ. ಇದನ್ನು ಮರೆಯಬೇಡಿ. ಇಡ್ಲಿ ಹಿಟ್ಟಿನಂತೆ ಇದಕ್ಕೆ ರಾತ್ರಿಯೆಲ್ಲ ಸಮಯವಿಲ್ಲ, ಕಲಸಿದ ಗಳಿಗೆಯಿಂದಲೇ ಅನಿಲ ಹೊರಟುಹೋಗುತ್ತಿರುತ್ತದೆ. ಹಿಟ್ಟಿನ ನಡುವೆ ಗುಳಿ ಮಾಡಿ ಮಜ್ಜಿಗೆ ಸುರಿದು, ಬೆರಳುಗಳನ್ನು ಅಗಲಿಸಿ ಒಳಗಿನಿಂದ ಹೊರಕ್ಕೆ ಸುತ್ತುತ್ತ ಬನ್ನಿ. ಹಿಟ್ಟು ಒಂದಾದರೆ ನಿಲ್ಲಿಸಿ. ಚಪಾತಿ ನಾದಿದ ಕೈಗೆ ಇದೇ ಕಷ್ಟ. ನಾದಿದರೆ ಜಿಗುಟು ಬಲವಾಗಿ ಬ್ರೆಡ್ ಕಲ್ಲಾಗುತ್ತದೆ. ಮುದ್ದೆ ಒಡ್ಡೊಡ್ಡಾಗಿ, ತುಸು ಅಂಟಾಗಿ ಇರಲಿ.

ಓವನ್ ಇದ್ದವರು ಇದನ್ನು ಎರಡು ಬೆರಳು ದಪ್ಪದ ದುಂಡು ಮಾಡಿ, ಮೇಲೆ ಕತ್ತಿಯಿಂದ ಆಳವಾಗಿ ಅಡ್ಡಗೆರೆ ಉದ್ದಗೆರೆ ಕೊಯ್ದು, 220 ಡಿಗ್ರಿಯಲ್ಲಿ ಅರ್ಧ ಗಂಟೆಯಷ್ಟು ಬೇಯಿಸಬೇಕು. ಕೊಯ್ದರೆ ನಡುಭಾಗಕ್ಕೆ ಬಿಸಿ ತಲುಪುತ್ತದೆ. ಬ್ರೆಡ್ಡಿನೊಳಗಿನ ಮಾಯಾವಿಗಳು ಹೊರಗೆ ಹೋಗಲಿ ಎಂದು ಕೊಯ್ಯುತ್ತೇವೆ ಎನ್ನುವ ಐರಿಷ್ ಅಜ್ಜಿಯರೂ ಇದ್ದಾರೆ. ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಬೆಂದಿದೆ.

ಓವನ್ ಇಲ್ಲದ ನಮ್ಮಂಥವರಿಗೆ ಐರ್ಲೆಂಡಿನ ಉತ್ತರ ಭಾಗದವರ ದಾರಿಯೇ ಸರಿ. ಅವರು ಹಿಟ್ಟನ್ನು ತೆಳ್ಳಗೆ ತಟ್ಟಿ, ನಾಲ್ಕು ಪಾಲು ಮಾಡಿ ಹೆಂಚಿನ ಮೇಲೆ ಬೇಯಿಸುತ್ತಾರೆ. ಆ ಕಾಲುಭಾಗಕ್ಕೆ ಫಾರ್ಲ್ ಎಂದು ಹೆಸರು. ದಪ್ಪ ದೋಸೆ ಹೆಂಚಿಗೆ ಚಿಟಿಕೆ ಹಿಟ್ಟು ಉದುರಿಸಿ ನೋಡಿ, ನಿಧಾನವಾಗಿ ಕಂದು ಬಣ್ಣಕ್ಕೆ ತಿರುಗಿದರೆ ಕಾವು ಹದವಾಗಿದೆ, ತಟ್ಟನೆ ಕರಕಲಾದರೆ ಉರಿ ಇಳಿಸಿ. ಒಂದು ಬೆರಳಿಗಿಂತ ದಪ್ಪ ಬೇಡ. ಎಣ್ಣೆಯೂ ಬೇಡ. ಸಣ್ಣ ಉರಿಯಲ್ಲಿ ಒಂದೊಂದು ಮಗ್ಗುಲಿಗೂ ಎಂಟರಿಂದ ಹತ್ತು ನಿಮಿಷ, ಕೊನೆಗೆ ಕೊಯ್ದ ಅಂಚುಗಳನ್ನೂ ನಿಲ್ಲಿಸಿ ಒಂದೊಂದು ನಿಮಿಷ ಬೇಯಿಸಿ. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ.

ಇಳಿಸಿದ ತಕ್ಷಣ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟರೆ ಮೇಲ್ಪದರ ಮೆತ್ತಗಾಗುತ್ತದೆ. ಹತ್ತು ನಿಮಿಷ ಬಿಟ್ಟು, ನಡುವೆ ಸೀಳಿ, ಆ ದಿನದ ಬೆಣ್ಣೆ ಸವರಿ ಬೆಲ್ಲದ ಜೊತೆಗೋ ಕೆಂಪು ಚಟ್ನಿಯ ಜೊತೆಗೋ ತಿನ್ನಿ. ಮಾಡಿದ ದಿನವೇ ಇದರ ರುಚಿ. ಮರುದಿನಕ್ಕೆ ಉಳಿದರೆ ಹೆಂಚಿನ ಮೇಲೆ ತುಪ್ಪ ಹಾಕಿ ಬಿಸಿ ಮಾಡಿ ಮಕ್ಕಳ ಡಬ್ಬಿಗೆ ಹಾಕಬಹುದು.