ಹಟಮಾರಿ ನಾಯಿಗೆ ತಕ್ಕ ಕೊರಳಪಟ್ಟಿಯೂ ಹಿಡಿಹಗ್ಗವೂ

ಎತ್ತನ್ನು ಕೊಳ್ಳುವಾಗ ಹಲ್ಲು, ಸುಳಿ, ಗೊರಸುಗಳನ್ನು ನೋಡಿ, ಬಳಿಕ ಅದರ ಹೆಗಲಿಗೊಪ್ಪುವ ನೊಗವನ್ನೂ ನಯವಾದ ಮೂಗುದಾರವನ್ನೂ ಆರಿಸುವ ಜಮೀನುದಾರರು, ತೋಟದ ಕಾವಲುನಾಯಿಯ ಕೊರಳಿಗೆ ಮಾತ್ರ ಕೈಗೆ ಸಿಕ್ಕಿದ ಹುರಿಯನ್ನು ಬಿಗಿದು ಸುಮ್ಮನಾಗುವುದುಂಟು. ನಾಯಿಯು ಹಿತ್ತಲಲ್ಲಿಯೇ ಇರುವತನಕ ಇದರ ಕೆಡುಕು ತಿಳಿಯದು. ಹುಚ್ಚುನಾಯಿ ರೋಗದ ಲಸಿಕೆಗಾಗಿ ಪಶು ಆಸ್ಪತ್ರೆಗೆ ನಡೆಯಿಸಿಕೊಂಡು ಹೋಗಬೇಕಾದ ದಿನ ತಿಳಿಯುವುದು. ಬೀದಿಯ ತಿರುವಿನಲ್ಲಿ ನಾಯಿಯು ಕುಳಿತುಬಿಡುವುದು; ಆಳು ಎಳೆಯುವನು; ನಾಯಿಯು ತಲೆಯನ್ನು ತಗ್ಗಿಸಿ, ಹಿಂದಕ್ಕೆ ಜಗ್ಗಿ, ಕುಣಿಕೆಯಿಂದ ನುಸುಳಿ ಓಡುವುದು. ಆ ಸಾರಿಯ ಲಸಿಕೆ ತಪ್ಪಿದಂತೆಯೇ ಸರಿ. ಈ ರೋಗವು ಒಮ್ಮೆ ಲಕ್ಷಣ ತೋರಿತೆಂದರೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಬಹುಮಟ್ಟಿಗೆ ಮರಣವೇ ಗತಿ. ಆದುದರಿಂದ ಕೊರಳಪಟ್ಟಿಯ ಆಯ್ಕೆಯನ್ನು ಅಲ್ಪವಿಷಯವೆಂದು ತಳ್ಳಿಹಾಕತಕ್ಕುದಲ್ಲ.

ಮೊದಲು ನಾಯಿಯ ಹಟವು ಯಾವ ಬಗೆಯದೆಂದು ನೋಡಬೇಕು. ಕೆಲವು ನಾಯಿಗಳು ಮುಂದಕ್ಕೆ ಸೆಳೆಯುತ್ತವೆ. ಕೆಲವು ಹಿಂದಕ್ಕೆ ಜಗ್ಗುತ್ತವೆ. ಕರುವನ್ನು ತಳ್ಳಿದರೆ ಅದೂ ನಮ್ಮನ್ನೇ ತಳ್ಳುವುದಷ್ಟೆ. ಹಾಗೆಯೇ ನಾಯಿಯನ್ನು ಎಳೆದಷ್ಟೂ ಅದು ಎದುರು ಎಳೆಯುವುದು. ಕೆಲವು ವೇಳೆ ಹಟವೆಂದು ನಾವು ತಿಳಿದುದು ಹಟವೇ ಆಗಿರುವುದಿಲ್ಲ. ಅಂಗಾಲಿನಲ್ಲಿ ಜಾಲಿಯ ಮುಳ್ಳು ಮುರಿದಿರಬಹುದು, ಇಲ್ಲವೆ ಬೇಸಗೆಯ ಡಾಂಬರು ರಸ್ತೆ ಕಾಲನ್ನು ಸುಡುತ್ತಿರಬಹುದು. ನಮ್ಮ ಅಂಗೈಯನ್ನು ಆ ನೆಲದ ಮೇಲೆ ಊರಿ ಕೆಲವು ಗಳಿಗೆ ಇಡಲಾಗದಿದ್ದರೆ, ನಾಯಿಯನ್ನು ಅಲ್ಲಿ ನಡೆಯಿಸುವುದು ಅನ್ಯಾಯ.

ಜೀರುಗುಣಿಕೆಯ ಹಗ್ಗವನ್ನು ಸರ್ವಥಾ ಉಪಯೋಗಿಸಬಾರದು. ಅದು ಎಳೆದಷ್ಟೂ ಬಿಗಿದು ಶ್ವಾಸನಾಳವನ್ನು ಅಮುಕುವುದು. ಉಸಿರುಕಟ್ಟಿದ ನಾಯಿಯು ಭಯದಿಂದ ಕಚ್ಚುವುದು. ತೆಂಗಿನ ನಾರಿನ ಹಗ್ಗವು ಕೂದಲನ್ನು ತೇದು ಹುಣ್ಣುಮಾಡುವುದು. ಒಳಮುಖವಾಗಿ ಮೊಳೆಗಳಿರುವ ಪಟ್ಟಿಯನ್ನು ಹಟ ಮುರಿಯಲೆಂದು ಕೊಳ್ಳುವವರಿದ್ದಾರೆ. ಅದರಿಂದ ನೋವೂ ಅಂಜಿಕೆಯೂ ಹೆಚ್ಚುವುದೇ ಹೊರತು ನಡತೆಯು ತಿದ್ದದು. ಹಿಮಾಲಯದ ಕುರುಬರು ಚಿರತೆಯ ಬಾಯಿಂದ ನಾಯಿಯ ಕೊರಳನ್ನು ಕಾಯಲು ತೊಡಿಸುವ ಹೊರಮುಳ್ಳಿನ ಕಬ್ಬಿಣದ ಪಟ್ಟಿಯೇ ಬೇರೆ. ಎರಡನ್ನೂ ಒಂದೆಂದು ತಿಳಿಯಬಾರದು.

ಸಾಧಾರಣ ನಾಯಿಗೆ ಹದಮಾಡಿದ ಮೆತ್ತನೆಯ ಚರ್ಮದ, ಒಂದು ಅಂಗುಲ ಅಗಲದ, ಬಕಲುಳ್ಳ ಪಟ್ಟಿ ಸಾಕು. ಪಟ್ಟಿಗೂ ಕೊರಳಿಗೂ ನಡುವೆ ಎರಡು ಬೆರಳು ಸಲೀಸಾಗಿ ತೂರಬೇಕು. ಬೆಳೆಯುವ ಮರಿಯಾದರೆ ವಾರಕ್ಕೊಮ್ಮೆ ಇದನ್ನು ನೋಡಲೇಬೇಕು. ಮರಿಗೆ ಕಟ್ಟಿ ಮರೆತ ಹುರಿಯು ಚರ್ಮದೊಳಗೆ ಹೂತು, ಗಾಯದಲ್ಲಿ ಹುಳು ಬಿದ್ದು ನರಳುವ ನಾಯಿಗಳನ್ನು ಸಂಚಾರದ ಕಾಲದಲ್ಲಿ ನಾನು ಒಂದೆರಡಲ್ಲ, ಅನೇಕ ಕಂಡಿದ್ದೇನೆ.

ಆದರೆ ಮುಧೋಳದ ಬೇಟೆನಾಯಿಯಂತಹ ಜಾತಿಗೆ ಈ ಪಟ್ಟಿ ಹೊಂದುವುದಿಲ್ಲ. ಬಾಗಲಕೋಟೆ ಜಿಲ್ಲೆಯ ಈ ತಳಿಗೆ 2005ರಲ್ಲಿ ಭಾರತದ ಅಂಚೆ ಇಲಾಖೆಯು ಚೀಟಿಯ ಗೌರವವನ್ನು ನೀಡಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವೂ ಇದೆ. ಇದರ ತಲೆ ನೀಳವಾಗಿ ಕಿರಿದು. ಕೊರಳು ಉದ್ದವಾಗಿಯೂ ಬಲವಾಗಿಯೂ ಇರುವುದು. ಒಂದು ದಾರದಿಂದ ಕಿವಿಗಳ ಹಿಂದೆ ಕೊರಳಿನ ಸುತ್ತಳತೆಯನ್ನೂ, ಹಣೆ ಮತ್ತು ದವಡೆಗಳನ್ನು ಬಳಸಿ ತಲೆಯ ಸುತ್ತಳತೆಯನ್ನೂ ಅಳೆದು ನೋಡಿರಿ. ಎರಡೂ ಹೆಚ್ಚುಕಡಮೆ ಸಮವಾಗಿದ್ದರೆ ಬಕಲಿನ ಪಟ್ಟಿಯು ಎಷ್ಟು ಬೆಲೆಯದಾದರೂ ಜಾರುವುದು. ಜಾರದಿರಲೆಂದು ಬಿಗಿದರೆ ಕೊರಳು ನೋಯುವುದು.

ಇಂತಹ ನಾಯಿಗೆ ಇಬ್ಬಳೆಯ ಪಟ್ಟಿಯೇ ಯೋಗ್ಯವೆಂದು ನನ್ನ ಅಭಿಪ್ರಾಯ. ಚರ್ಮದ ಕೆಲಸ ಬಲ್ಲವರು ಊರಿನಲ್ಲಿಯೇ ಇದನ್ನು ಹೊಲಿದುಕೊಡಬಲ್ಲರು. ಒಂದೂವರೆಯಿಂದ ಎರಡು ಅಂಗುಲ ಅಗಲದ ಪಟ್ಟಿಯನ್ನು ಕೊರಳಿನ ಸುತ್ತಳತೆಗಿಂತ ಸುಮಾರು ಎರಡು ಅಂಗುಲ ಗಿಡ್ಡವಾಗಿ ಕತ್ತರಿಸಿ, ಎರಡು ತುದಿಗಳಿಗೂ ಒಂದೊಂದು ಬಳೆಯನ್ನು ಹೊಲಿಯಬೇಕು. ಆ ಬಳೆಗಳೊಳಗೆ ಒಂದು ಸಣ್ಣ ಪಟ್ಟಿಯ ಕುಣಿಕೆಯನ್ನು ಪೋಣಿಸಿ, ಹಿಡಿಹಗ್ಗವನ್ನು ಈ ಕುಣಿಕೆಗೆ ಸಿಕ್ಕಿಸಬೇಕು. ಕುಣಿಕೆಯು ಸಡಿಲವಿದ್ದಾಗ ಪಟ್ಟಿಯು ತಲೆಯ ಮೇಲಿಂದ ದಾಟಬೇಕು. ನಾಯಿಯು ಹಿಂದಕ್ಕೆ ಜಗ್ಗಿದಾಗ ಪಟ್ಟಿಯು ಕಿರಿದಾಗುವುದು, ಆದರೆ ಜೀರುಗುಣಿಕೆಯಂತೆ ಕೊನೆಯಿಲ್ಲದೆ ಬಿಗಿಯದು. ಪೂರ್ತಿ ಎಳೆದಾಗಲೂ ಬಳೆಗಳು ಒಂದಕ್ಕೊಂದು ತಾಕದೆ, ಕೊರಳನ್ನು ಅಮುಕದೆ, ತಲೆಯು ಮಾತ್ರ ನುಸುಳದಂತಿದ್ದರೆ ಅಳತೆ ಸರಿಯಾಯಿತು. ಮನೆಬಾಗಿಲನ್ನು ಮುಚ್ಚಿ ಅಂಗಳದಲ್ಲಿಯೇ ಇದನ್ನು ಪರೀಕ್ಷಿಸಿ, ಆಮೇಲೆ ಬೀದಿಗಿಳಿಯಬೇಕು. ಮರಳಿ ಬಂದೊಡನೆ ಬಿಚ್ಚಿಡಬೇಕು. ಏತಕ್ಕೆಂದರೆ ಕುಣಿಕೆಯು ಬೇಲಿಗೆ ಸಿಕ್ಕಿಕೊಂಡರೆ ಅಪಾಯ.

ಮುಂದಕ್ಕೆ ಸೆಳೆಯುವ ನಾಯಿಗೆ ಎದೆಪಟ್ಟಿಯನ್ನು ತೊಡಿಸುವ ವಾಡಿಕೆ ಈಗ ಹಬ್ಬಿದೆ. ಹಗ್ಗವನ್ನು ಸಿಕ್ಕಿಸುವ ಬಳೆಯು ಬೆನ್ನಿನ ಮೇಲಿದ್ದರೆ ನಾಯಿಯು ನೊಗಕ್ಕೆ ಹೆಗಲು ಕೊಟ್ಟ ಎತ್ತಿನಂತೆ ಮತ್ತಷ್ಟು ಎಳೆಯುವುದು. ಹಿಮದ ನಾಡುಗಳಲ್ಲಿ ನಾಯಿಗಳಿಂದ ಬಂಡಿ ಎಳೆಯಿಸುವುದು ಈ ಬಗೆಯ ಪಟ್ಟಿಯಿಂದಲೇ. ಬಳೆಯು ಎದೆಯ ಮುಂದಿದ್ದರೆ, ಸೆಳೆದೊಡನೆ ನಾಯಿಯ ಮೈ ನಮ್ಮ ಕಡೆಗೆ ತಿರುಗುವುದು.

ಹಿಡಿಹಗ್ಗವು ಮೂರರಿಂದ ನಾಲ್ಕು ಮೊಳ ಉದ್ದವಿರಲಿ. ಚರ್ಮದ್ದಾಗಲಿ ದಪ್ಪ ನೂಲಿನದಾಗಲಿ ಆದೀತು. ಇಡೀ ಸರಪಳಿಯು ಭಾರ, ಕೈಗೂ ಪೆಟ್ಟು. ಹಗ್ಗವನ್ನು ಕಡಿಯುವ ನಾಯಿಯಾದರೆ ಪಟ್ಟಿಯ ಬಳಿ ಒಂದು ಅಡಿ ಸರಪಳಿಯನ್ನು ಕೂಡಿಸಿ, ಉಳಿದುದನ್ನು ಹಗ್ಗವಾಗಿಯೇ ಇಟ್ಟುಕೊಳ್ಳಬಹುದು. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುವ ಅಭ್ಯಾಸವನ್ನು ಆಳುಗಳಿಗೆ ಬಿಡಿಸಬೇಕು. ಬೆಕ್ಕನ್ನು ಕಂಡು ನಾಯಿಯು ಹಾರಿದರೆ ಬೆರಳೋ ಮಣಿಕಟ್ಟೋ ಮುರಿಯುವ ಸಂಭವವುಂಟು.

ಲಸಿಕೆಯ ದಿನವೇ ಮೊದಲ ಸಾರಿ ಪಟ್ಟಿ ತೊಡಿಸುವುದು ಸಲ್ಲದು. ಎರಡು ವಾರ ಮುಂಚಿತವಾಗಿ ಊಟದ ಹೊತ್ತಿನಲ್ಲಿ ತೊಡಿಸಿ ರೂಢಿ ಮಾಡಿಸಬೇಕು. ನಾಯಿಯು ಸೆಳೆದಾಗ ನಿಂತುಬಿಡಬೇಕು. ಹಗ್ಗ ಸಡಿಲಿಸಿದಾಗ ಹೆಜ್ಜೆಯಿಡಬೇಕು. ಕುಳಿತರೆ ಎಳೆಯದೆ, ಪಕ್ಕಕ್ಕೆ ತಿರುಗಿ ನಡೆದು, ಎದ್ದು ಬಂದಾಗ ಒಂದು ತುಣುಕು ರೊಟ್ಟಿ ಕೊಡಬೇಕು.

ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಅನಂತರ ಪಶುವೈದ್ಯರು ಹೇಳಿದ ಕಾಲಕ್ಕೆ ಮತ್ತೆ ಮತ್ತೆ ಲಸಿಕೆ ಆಗಬೇಕು. ಗ್ರಾಮದಲ್ಲಿ ಲಸಿಕೆಯ ಶಿಬಿರ ನಡೆಯುವಾಗ ಗ್ರಾಮಪ್ರಮುಖರು ಬೇರೆ ಬೇರೆ ಅಳತೆಯ ನಾಲ್ಕಾರು ಇಬ್ಬಳೆಯ ಪಟ್ಟಿಗಳನ್ನೂ ಹಗ್ಗಗಳನ್ನೂ ಸಿದ್ಧವಾಗಿಟ್ಟು, ಜೀರುಗುಣಿಕೆಯಲ್ಲಿ ಬಂದ ನಾಯಿಗಳಿಗೆ ಅಲ್ಲಿಯೇ ಬದಲಿಸಿ ತೊಡಿಸಲು ಒಬ್ಬ ನುರಿತ ಆಳನ್ನು ನೇಮಿಸತಕ್ಕುದು.